ಬಾಗಿಲಲ್ಲಿ ತುಂಬಿದ ಉಡಿ

ತೆಲುಗು ನಾಡಿನ ಮಣಿಕೊಂಡದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡವರು ಬೇಗಂ ಬಜಾರಿನಲ್ಲಿ ಅಗ್ಗಕ್ಕೆ ಸಿಗುವ ಬೇಳೆಯನ್ನೇ ಎಸಿ ಅಂಗಡಿಯಲ್ಲಿ ದುಪ್ಪಟ್ಟು ಕೊಟ್ಟು ಒಯ್ದು, ಅದರಲ್ಲೇ ಬೀಗುತ್ತಿದ್ದರು. ಅಂಥದೊಂದು ಅಂಗಡಿಯ ಬಾಗಿಲಲ್ಲಿ ಬಸಲಿಂಗಮ್ಮ ನಿಲ್ಲುತ್ತಿದ್ದಳು. ಯಾದಗಿರಿ ಕಡೆಯವಳು, ಗಾರೆ ಕೆಲಸಕ್ಕೆ ಬಂದವಳು. ಸೊಂಟ ಹಿಡಿದ ಮೇಲೆ ಈಚೆಗಷ್ಟೇ ಈ ನೌಕರಿ ಸಿಕ್ಕಿತ್ತು. ಹೊರಗೆ ಹೋಗುವ ಹೆಂಗಸರ ಚೀಲ ನೋಡಬೇಕು, ಕಳ್ಳರು ಓಡಿದರೆ ಅಡ್ಡ ನಿಲ್ಲಬೇಕು. ಅಡ್ಡ ನಿಲ್ಲುವವಳ ಕೈಗೆ ಒಂದು ಬಡಿಗೆಯನ್ನಾದರೂ ಕೊಟ್ಟಿದ್ದರೇ? ಇಲ್ಲ, ಪುಣ್ಯಾತ್ಮರು.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಒಬ್ಬ ಬಸುರಿ ಕಾಣಿಸಿಕೊಳ್ಳತೊಡಗಿದಳು. ಅವಳು ಒಳಗೆ ಬಂದದ್ದನ್ನು ಬಸಲಿಂಗಮ್ಮ ಒಮ್ಮೆಯೂ ಕಂಡಿರಲಿಲ್ಲ. ಹೊರಗೆ ಹೋಗುವಾಗಲೇ ಕಾಣುತ್ತಿದ್ದಳು. ಹಸಿರು ಸೀರೆ, ಹಣೆಯ ಪಕ್ಕದಲ್ಲಿ ಒಣಗದ ಗಾಯ. ಬಾಗಿಲಿಗೆ ಬಂದು ಸುಮ್ಮನೆ ಸೆರಗೊಡ್ಡಿ ನಿಲ್ಲುವಳು. ಅವಳು ನಿಂತಷ್ಟು ಹೊತ್ತು ಅಂಗಡಿಯ ಯಾವ ಸದ್ದೂ ಕಿವಿಗೆ ಬೀಳುತ್ತಿರಲಿಲ್ಲ.

"ಏನಾಗೇತವ್ವ ನಿನಗ?" ಎಂದು ಬಸಲಿಂಗಮ್ಮ ಕೇಳಿದಳು.

"ನನಗ ಯಾರೂ ಉಡಿ ತುಂಬಲಿಲ್ಲ ಯಕ್ಕಾ."

ಬಸಲಿಂಗಮ್ಮನ ಊರಲ್ಲಿ ಬಸುರಿ ಹೆಣ್ಣುಮಗಳು ಹೊಸ್ತಿಲಲ್ಲಿ ಸೆರಗೊಡ್ಡಿದರೆ ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಮನೆ ಯಾರದೆಂದು ಯಾರೂ ನೋಡುವುದಿಲ್ಲ. ಬಾಗಿಲಲ್ಲಿ ನಿಂತವಳೇ ಮನೆಯವಳು. ಇದು ಅಂಗಡಿ, ಇಲ್ಲಿನ ಹೊಸ್ತಿಲಿಗೆ ಬೇರೆ ಮಾಲೀಕನಿದ್ದಾನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಬಿಡಿ ಅಕ್ಕಿಯ ಡಬ್ಬದಿಂದ ಒಂದು ಬೊಗಸೆ ಅಕ್ಕಿ, ಒಂದು ತೆಂಗಿನಕಾಯಿ, ಒಂದು ಕುಬಸದ ಖಣ ತಂದು ಉಡಿಗೆ ಹಾಕಿದಳು. ಕೈಗೆ ತಗುಲಿದ ಸೆರಗು ಬಾವಿಯಿಂದ ಆಗಷ್ಟೇ ಸೇದಿದ ಹಗ್ಗದಂತೆ ತಣ್ಣಗಿತ್ತು. ಮರುದಿನವೂ ಅವಳು ಬರಿ ಉಡಿ ಒಡ್ಡಿ ನಿಂತಳು. ಆಮೇಲೆ ದಿನಾ ಅದೇ. ಎಷ್ಟು ಹಾಕಿದರೂ ಉಡಿ ತುಂಬದು. ಆದರೂ ಇಲ್ಲವೆನ್ನಲು ಬಸಲಿಂಗಮ್ಮನಿಗೆ ಬಾಯಿ ಬರಲಿಲ್ಲ.

ಸರಕು ಕಡಿಮೆ ಬಿತ್ತು. ಮ್ಯಾನೇಜರ್ ಜನಾರ್ದನ ಕ್ಯಾಮೆರಾ ತಿರುಗಿಸಿ ನೋಡಿದರೆ ಡಬ್ಬಕ್ಕೆ ಕೈ ಹಾಕಿದವಳು ಬಾಗಿಲು ಕಾಯುವವಳೇ! ಮೊದಲಾಗಿದ್ದರೆ ಕಪಾಳಕ್ಕೆರಡು ಬಿಗಿದು ಪೊಲೀಸರಿಗೆ ಒಪ್ಪಿಸುತ್ತಿದ್ದ. ಆದರೆ ಅಂಗಡಿ ನೌಕರರ ಕಾನೂನಿಗೆ ಆಗಷ್ಟೇ ತಿದ್ದುಪಡಿ ಬಂದಿತ್ತು. ನೌಕರರ ಮೇಲೆ ಕಳವಿನ ಆರೋಪ ಹೊರಿಸಿದರೆ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ಅವರ ಎದುರಿಗೇ ಸಾಕ್ಷಿ ನೋಡಬೇಕು. ಕೇಸಾದರೆ ಅದರಲ್ಲಿ ಹೆಸರು ಬಂದ ಪ್ರತಿಯೊಬ್ಬರನ್ನೂ ವಿಚಾರಿಸಬೇಕು. ಅಂಗಡಿಯವರು ಕೇಸು ಬೇಡವೆಂದರೆ ಎಲ್ಲವೂ ಅಲ್ಲಿಗೇ ಮುಗಿಯಿತು.

ಅಧಿಕಾರಿಯಾಗಿ ಬಂದವನು ಪದ್ಮನಾಭ. ಅವನಪ್ಪ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿದ್ದವರು, ಮನೆಮಾತು ಕನ್ನಡ; ಕಾನೂನಿನ ಈ ಮಾತುಗಳನ್ನು ಮೊದಲೇ ಬಸಲಿಂಗಮ್ಮನಿಗೆ ಬಿಡಿಸಿ ಹೇಳಿದ. ನೌಕರರ ಪರವಾಗಿ ಬಿಲ್ಲು ಹಾಕುವ ಸಾವಿತ್ರಿ ಕೂತಳು, ಅವಳೂ ಯಾದಗಿರಿ ಕಡೆಯವಳೇ. ಬಸಲಿಂಗಮ್ಮನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಮಗಳು ಗುರುದೇವಿಗೆ ಸಂಬಂಧ ಕೂಡಿಬಂದಿತ್ತು. ಕಳ್ಳಿಯ ಮಗಳೆಂದರೆ ಗಂಡಿನವರು ಬಿಟ್ಟು ಎದ್ದುಹೋಗುತ್ತಾರೆ.

ಮ್ಯಾನೇಜರನ ಕೋಣೆಯ ಟಿವಿ ಪರದೆಯ ಮೇಲೆ ಬಸಲಿಂಗಮ್ಮ ಅಕ್ಕಿ ಬೊಗಸೆ ತುಂಬಿಕೊಂಡಳು. ಜನಾರ್ದನ ಅಷ್ಟಕ್ಕೇ ನಿಲ್ಲಿಸಹೋದ. ಅವನೂ ನೋಡಿದ್ದು ಅಷ್ಟೇ. ಪದ್ಮನಾಭ ಬಾಗಿಲಿನ ಕ್ಯಾಮೆರಾ ಹಾಕಿಸಿದ. ಹೊಸ್ತಿಲಲ್ಲಿ ಬಸಲಿಂಗಮ್ಮ ಒಬ್ಬಳೇ ನಿಂತಿದ್ದಳು. ಬೊಗಸೆ ತೆರೆದಳು. ಅಕ್ಕಿ ಸುರಿಯಿತು, ನೆಲಕ್ಕೆ ಬೀಳಲಿಲ್ಲ. ತೆಂಗಿನಕಾಯಿ ಬಿಟ್ಟಳು, ಅದೂ ನೆಲಕ್ಕೆ ಬೀಳಲಿಲ್ಲ.

ಪದ್ಮನಾಭ ಮತ್ತೊಮ್ಮೆ ಹಾಕಿಸಿದ. "ಯಾರಿಗೆ ಹಾಕಾಕತ್ತೀಯಮ್ಮ?"

"ಬಸುರಿ ಹುಡುಗಿರಿ. ಹಸರು ಸೀರಿ. ಹಣಿಗೆ ಪೆಟ್ಟಾಗೇತಿ."

ಸಾವಿತ್ರಿ ಬಾಯಿಗೆ ಸೆರಗು ಒತ್ತಿಕೊಂಡಳು. "ನಮ್ಮ ಗಂಗಾ! ನಿನಗಿಂತ ಮೊದಲ ಇದೇ ಬಾಗಲದಾಗ ನಿಲ್ತಿದ್ದಳಕ್ಕ. ಕಳ್ಳ ದೂಡಿ ಓಡಿದ, ತಲಿ ಚೌಕಟ್ಟಿಗೆ ಬಡೀತು, ಸತ್ಳು. ತಾನ ತಲಿ ತಿರುಗಿ ಬಿದ್ಲು ಅಂತ ಈ ಅಂಗಡಿಯವ್ರು ಪೊಲೀಸ್ರಿಗೆ ಬರಸಿದ್ರು. ಆಕಿಗೆ ಉಡಿ ತುಂಬೋ ಕಾರ್ಯ ಮುಂದಿನ ವಾರ ಇತ್ತು."

ಜನಾರ್ದನ ಗಡಬಡಿಸಿ ಟಿವಿ ಆರಿಸಿದ. ಕಪ್ಪಾದ ಪರದೆಯಲ್ಲಿ ಕೋಣೆಯ ಪ್ರತಿಬಿಂಬ ಮೂಡಿತು. ಕೂತಿದ್ದವರು ನಾಲ್ವರು, ಬಸಲಿಂಗಮ್ಮನ ಹಿಂದೆ ಇನ್ನೊಬ್ಬಳು ನಿಂತಿದ್ದಳು. ತಿರುಗಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಕೇಸು ಗೀಸು ಬೇಡ, ನಾಳೆಯಿಂದ ಎಂದಿನಂತೆ ಕೆಲಸಕ್ಕೆ ಬಾ ಎಂದು ಜನಾರ್ದನ ತೆಲುಗಿನಲ್ಲಿ ತಡವರಿಸಿದ. ಬಸಲಿಂಗಮ್ಮನಿಗೆ ಹೋದ ಜೀವ ಬಂದಂತಾಯಿತು. ನೌಕರಿ ಉಳಿಯಿತು, ಮಗಳ ಸಂಬಂಧ ಉಳಿಯಿತು. ಎದ್ದು ಎರಡು ಹೆಜ್ಜೆ ಹಾಕಿದಳು. ಬೆನ್ನಿಗೆ ತಣ್ಣಗೆ ಏನೂ ತಾಕಲಿಲ್ಲ, ಯಾರೂ ಸೆರಗು ಜಗ್ಗಲಿಲ್ಲ. ಹಿಂದೆ ನಿಂತವಳು ಏನನ್ನೂ ಕೇಳಲಿಲ್ಲ. ಅದಕ್ಕೇ ಬಸಲಿಂಗಮ್ಮ ಅಲ್ಲೇ ನಿಂತಳು. ತಾನು ಹೀಗೆ ಹೊರಗೆ ಹೋದರೆ ಆ ಹುಡುಗಿ ಎಂದೆಂದಿಗೂ ತಲೆ ತಿರುಗಿ ಬಿದ್ದವಳೇ.

ಬಂದು ಮತ್ತೆ ಕೂತಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ನಾ ಕದ್ದೀನಿ ಸಾಹೇಬ್ರ. ಕೇಸ್ ಬರೀರಿ."

"ಅವರ ಬಿಟ್ಟಾರಲ್ಲಮ್ಮ, ಮನೀಗೆ ಹೋಗು."

"ನಾ ಬಿಡಂಗಿಲ್ಲರಿ. ಬರೀರಿ, ಕದ್ದಾಕಿ ಬಸಲಿಂಗಮ್ಮ. ಮಾಲು ತಗೊಂಡಾಕಿ ಗಂಗಾ, ಇದೇ ಬಾಗಲದಾಗ ನಿಲ್ತಿದ್ದಾಕಿ. ಈಗ ಆಕೀನ ವಿಚಾರಣಿಗೆ ಕರೀರಿ."