ಒಂದೇ ಉಸಿರಿನ ಸಭೆ

ಈ ಕಥೆ ನಿಜ. ನಾನು ಸುಳ್ಳು ಹೇಳುವುದಿದ್ದರೆ ಬೇರೆಯವರ ದನಿಯಲ್ಲಿ ಮಾತ್ರ.

ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುವವನು ನಾನು. ತಂಡದಲ್ಲಿ ಇದ್ದದ್ದೇ ಏಳು ಜನ. ಮೂಡಬಿದ್ರೆಯ ಪಂದ್ಯಾಟಕ್ಕೆ ಹೋಗಿ ಎರಡು ರಾತ್ರಿ ಅಲ್ಲೇ ಉಳಿಯಬೇಕು, ನಾನು ಹೇಳುವ ಸಭೆಯ ಮರುದಿನ ಬೆಳಗ್ಗೆಯೊಳಗೆ ಹೆಸರು ಕೊಡಬೇಕು. ಆರು ಮನೆಯವರು ಒಪ್ಪಿದ್ದರು. ಉಳಿದವರು ವಿಸ್ಮಿತಾಳ ತಾಯಿ ಪೂವಮ್ಮ. ಅವರು ಒಪ್ಪದಿದ್ದರೆ ತಂಡವೇ ಇಲ್ಲ.

ಪೂವಮ್ಮ ಪ್ರತಿ ಸಭೆಗೂ ಚಾರ್ಮಾಡಿ ಕಡೆಯಿಂದ ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು, ಏನೂ ಹೇಳದೆ ಬಸ್ಸಿಗೆ ಎದ್ದು ಹೋಗುತ್ತಿದ್ದರು. ಹೇಳಲು ಎಡೆಯಾದರೂ ಎಲ್ಲಿ? ಮಾತೆಲ್ಲ ತಂಡದ ಇನ್ನೊಬ್ಬ ಹುಡುಗಿ ಪ್ರಾಪ್ತಿಯ ಅಪ್ಪ ರಮಾನಾಥಣ್ಣನದು. ಬಹ್ರೈನಿನಿಂದ ಬಂದು ಪೇಟೆಯಲ್ಲಿ ಹೋಟೆಲು ಇಟ್ಟವರು. ತಂಡದ ಮಕ್ಕಳ ಮೊಟ್ಟೆ, ಬಾಳೆಹಣ್ಣು ಎಲ್ಲ ಅವರದೇ ಖರ್ಚು. ಹಾಗಾಗಿ 'ಕೂತುಕೊಳ್ಳಿ' ಎನ್ನುವ ಧೈರ್ಯ ಯಾರಿಗೂ ಇಲ್ಲ. ಅವರು ನಿಲ್ಲುವುದು ಸರಿಯಾಗಿ ಬಾಗಿಲಿಗೆ ಅಡ್ಡ. ಕಿಟಕಿಗೆ ಸರಳು. ಬೋರ್ಡಿನಲ್ಲಿ 'ಪೋಷಕರ ಸಭೆ' ಎಂದು ಬರೆದದ್ದು ನಾನೇ, ನಡೆಯುತ್ತಿದ್ದದ್ದು ಪೋಷಕರ ಸಜೆ. ಆ ಭಾಷಣಕ್ಕೆ ಉಪಸಂಹಾರವಿಲ್ಲ, ಕೇಳುವವರ ಸಂಹಾರ ಮಾತ್ರ.

ಅಂದೂ ಹಾಗೆಯೇ ಆಯಿತು. ಅಂಗಿ ಬೆನ್ನಿಗೆ ಅಂಟಿತ್ತು. ಪೂವಮ್ಮ ಒಮ್ಮೆ ಗಡಿಯಾರವನ್ನು, ಒಮ್ಮೆ ಬಾಗಿಲನ್ನು ನೋಡತೊಡಗಿದರು. ಅವರು ಎದ್ದರೆ ಮುಗಿಯಿತು. ನಾನೇ ಎದ್ದೆ.

"ರಮಾನಾಥಣ್ಣ, ಇವತ್ತು ಕಬಡ್ಡಿ ರೂಲಲ್ಲಿ ಮೀಟಿಂಗ್ ಮಾಡುವ. ಒಬ್ಬರಿಗೆ ಒಂದೇ ಉಸಿರು. ಉಸಿರು ಬಿಟ್ರೆ ಔಟ್, ಕೂತ್ಕೊಳ್ಬೇಕು."

"ಅದೆಂತ ದೊಡ್ಡದು ಮಾಸ್ಟ್ರೇ? ಕಾಲೇಜಲ್ಲಿ ನಾನೇ ರೈಡರ್."

"ಹೇಗೆ ಅಂತ ಒಮ್ಮೆ ತೋರಿಸ್ತೇನೆ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು, ಹೊಟ್ಟೆ ಮುಂದೆ ಬಂತು, ದನಿ ಥೇಟ್ ಅವರದೇ ಹಾಗೆ ಮೂಗಿಗೆ ಏರಿತು: "ಎಂತ ಅಂದ್ರೆ ಮಾಸ್ಟ್ರೇ, ನಾನು ಬಹ್ರೈನಲ್ಲಿ ಇರುವಾಗ ಉಂಟಲ್ಲ, ಅಲ್ಲಿಯ ಕೋಚ್‌ಗಳು ಉಂಟಲ್ಲ, ಅವರ ಶಿಸ್ತು ಉಂಟಲ್ಲ..."

ಯಾರೂ ನಗಲಿಲ್ಲ. ನಾಳೆಯಿಂದ ಮೊಟ್ಟೆ ಇಲ್ಲ ಎಂದುಕೊಂಡೆ.

ರಮಾನಾಥಣ್ಣ ನನ್ನನ್ನೇ ದುರುಗುಟ್ಟಿ ನೋಡಿ, ಎದೆ ತುಂಬ ಉಸಿರೆಳೆದುಕೊಂಡರು. "ಎಂತ ಅಂದ್ರೆ ಮಾಸ್ಟ್ರೇ, ನಾನು ಬಹ್ರೈನಲ್ಲಿ..."

ತಾನು ಹೇಳುತ್ತಿರುವುದು ಏನೆಂದು ತನ್ನ ಕಿವಿಗೇ ಬಿದ್ದದ್ದೇ ತಡ, ಉಸಿರು ಪುಸ್ಸೆಂದಿತು.

"ಔಟ್!"

ಕೂಗಿದ್ದು ಹಿಂದಿನ ಬೆಂಚು. ಪೂವಮ್ಮ! ಕೂಗಿ ಬಾಯಿಗೆ ಸೆರಗು ಹಿಡಿದಿದ್ದರು. ರಮಾನಾಥಣ್ಣ ಬಾಗಿಲು ಬಿಟ್ಟು ಬಂದು ಬೆಂಚಿನಲ್ಲಿ ಕುಳಿತರು.

"ಪೂವಮ್ಮಕ್ಕ, ಈಗ ನಿಮ್ಮ ರೈಡ್" ಎಂದೆ.

ಅವರು ಎದ್ದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿಬಿಟ್ಟರು: "ಮಗಳನ್ನು ಆಡ್ಲಿಕ್ಕೆ ಕಳಿಸ್ಲಿಕ್ಕೆ ನಂಗೆ ಬೇಜಾರಿಲ್ಲ ಮಾಸ್ಟ್ರೇ, ಆದ್ರೆ ರಾತ್ರಿ ಮಕ್ಕಳೊಟ್ಟಿಗೆ ಮಲಗ್ಲಿಕ್ಕೆ ಹೆಂಗಸರು ಯಾರುಂಟು, ನೀವೊಬ್ರು ಗಂಡಸಲ್ವಾ?"

ಊಟ, ಬಸ್ಸು, ಬೂಟು ಎಲ್ಲ ಯೋಚಿಸಿದ್ದ ನನಗೆ ಇದೊಂದು ಹೊಳೆದಿರಲಿಲ್ಲ.

"ನಾನು ಹೋಗ್ತೇನೆ ಪೂವಮ್ಮಕ್ಕ" ಎಂದರು ರಮಾನಾಥಣ್ಣನ ಹೆಂಡತಿ ಶಶಿಪ್ರಭಾ. "ಮೊದಲ್ನೇ ಮೀಟಿಂಗಲ್ಲೇ ಹೇಳುವ ಅಂತ ಇದ್ದೆ. ಇವರು ಮುಗಿಸಿದ್ರೆ ಅಲ್ವಾ?"

"ನೀವಿದ್ರೆ ವಿಸ್ಮಿತಾ ಬರ್ತಾಳೆ."

ರಮಾನಾಥಣ್ಣ ಏನೋ ಹೇಳಲು ಎದ್ದರು.

"ಔಟಾದವರು ಏಳ್ಲಿಕ್ಕಿಲ್ಲ" ಎಂದರು ಶಶಿಪ್ರಭಾ.

ರಮಾನಾಥಣ್ಣನ ಮುಖ ಕೆಂಪಾಯಿತು, ಕೆನ್ನೆ ಉಬ್ಬಿತು. ನಾನು ಕಿಟಕಿಯ ಸರಳುಗಳ ಕಡೆ ನೋಡಿದೆ. ಆಮೇಲೆ ನಗು ಸಿಡಿಯಿತು. ಬೆಂಚಿಗೆ ಬಡಿದು ಬಡಿದು ನಕ್ಕರು, ಕೆಮ್ಮಿ ಮತ್ತೆ ನಕ್ಕರು. "ಇವಳು ಇನ್ನು ಮನೆಯಲ್ಲೂ ಇದೇ ರೂಲ್ ತರ್ತಾಳೆ ಮಾರಾಯ್ರೆ!" ಎಂದರು, ಅದೂ ಒಂದು ಉಸಿರಿನಲ್ಲಿ ಮುಗಿಯಲಿಲ್ಲ. ಪೂವಮ್ಮ ತೆರವಾದ ಬಾಗಿಲಿನಿಂದ ಬಸ್ಸಿಗೆ ಓಡಿದರು. ಹಿಂದಿನಿಂದ ರಮಾನಾಥಣ್ಣನ ನಗು, ನಮ್ಮೆಲ್ಲರ ನಗುವನ್ನು ಮುಳುಗಿಸಿ, ರಸ್ತೆಯವರೆಗೂ ಹೋಯಿತು.