ಮೇಷ್ಟ್ರ ಅರ್ಕಾವತ್ತು

ಬುದ್ಧಿವಂತರು ಬರೆದ ಪ್ರೋಗ್ರಾಂ ಕೆಟ್ಟರೆ ಸರಿ ಮಾಡಬಹುದು. ಬುದ್ಧಿವಂತೆ ಅನ್ನಿಸಿಕೊಳ್ಳಬೇಕೆಂದು ಬರೆದ ಪ್ರೋಗ್ರಾಂ ಕೆಟ್ಟರೆ ದೇವರೇ ಗತಿ. ಹದಿನೇಳು ವರ್ಷದ ಹಿಂದೆ, ಡಿಪ್ಲೊಮಾದ ಕೊನೆಯ ವರ್ಷದಲ್ಲಿ, ನಾನು ಬರೆದದ್ದು ಈ ಎರಡನೆಯ ಜಾತಿಯದು. ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅದನ್ನು ನನ್ನಿಂದ ಬರೆಸಿದವರು ಮಾಡದಕೆರೆಯ ಓಬಣ್ಣ ಮೇಷ್ಟ್ರು. ಐದನೇ ಕ್ಲಾಸಿನಲ್ಲಿ ನನಗೆ ಕನ್ನಡ ಕಲಿಸಿದವರು. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ ಮೇಷ್ಟ್ರಾದರು, ನಿವೃತ್ತಿಯಾದ ಮೇಲೆ ಮತ್ತೆ ಕುರಿಯ ಹಿಂದೆಯೇ ಹೋದರು. ಈ ಸಲ ಕೈಯಲ್ಲಿ ಕೋಲಿರಲಿಲ್ಲ, ನೋಟ್‌ಬುಕ್ ಇತ್ತು. ಚಿತ್ತಯ್ಯ ಎಂಬ ಮುದಿ ಕುರಿಗಾಹಿಯ ಬೆನ್ನು ಹತ್ತಿ, ಅವನ ಬಾಯಿಂದ ಬಂದ ಮಾತನ್ನೆಲ್ಲ ಬರೆದುಕೊಂಡರು. ಕುರಿಯ ಬಣ್ಣಕ್ಕೊಂದು ಹೆಸರು, ಕಿವಿಗೊಂದು ಹೆಸರು, ಕುಂಟುವುದರಲ್ಲೂ ನಾಲ್ಕು ಬಗೆ, ನಾಲ್ಕಕ್ಕೂ ಬೇರೆ ಬೇರೆ ಹೆಸರು. ಒಟ್ಟು ಮೂರು ಸಾವಿರದ ಮೇಲೆ ಮಾತು. ಪಟ್ಟಿ ಮುಗಿದ ಮರುವರ್ಷವೇ ಚಿತ್ತಯ್ಯ ತೀರಿಕೊಂಡ.

ಅಷ್ಟನ್ನೂ ಮೇಷ್ಟ್ರು ನನ್ನ ಪ್ರೋಗ್ರಾಂನಲ್ಲಿ ಒಂದೇ ಬೆರಳಿನಲ್ಲಿ ಟೈಪು ಮಾಡಿದರು. ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತ್ತು. "ಹೋಗ್ಲಿ ಬಿಡು, ಕಂಪ್ಯೂಟ್ರಿಗೆ ಗೆದ್ದಲು ಹತ್ತಲ್ಲ" ಎಂದು ನಕ್ಕಿದ್ದರು.

ಕಳೆದ ಜೂನ್‌ನಲ್ಲಿ ಅವರ ಹೆಂಡತಿ ಏಕನಾಥಮ್ಮ ಫೋನ್ ಮಾಡಿದರು. ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ಭಾನುವಾರ ಬಸ್ಸು ಹತ್ತಿ ಹೋದೆ. ಹಳೆಯ ಕಂಪ್ಯೂಟರ್ ಸತ್ತುಹೋಗಿತ್ತು. ಉಳಿದದ್ದು ಪೆನ್‌ಡ್ರೈವ್‌ನಲ್ಲಿ ತುಂಬಿಸಿಟ್ಟಿದ್ದ ಒಂದು ಫೈಲ್, ನನ್ನ ಪ್ರೋಗ್ರಾಂ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಬಿಡದ ಫೈಲ್. ಯಾರೂ ಕದಿಯಬಾರದೆಂದು ಅದಕ್ಕೆ ನನ್ನದೇ ಒಂದು ಗೂಢ ಲಿಪಿ ಹಾಕಿದ್ದೆ. ಕುರಿಯ ಹೆಸರು ಕದಿಯಲು ಯಾವ ಕಳ್ಳ ಬರುತ್ತಾನೆ, ಕೇಳಿ!

ಏಕನಾಥಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. "ಇವ್ರಿಗೆ ಮರೆವು ಬಂದೈತೆ ಕಣವ್ವ. ದುರ್ಗದ ಡಾಕ್ಟ್ರು ಇನ್ನೂ ಜಾಸ್ತಿ ಆಗ್ತೈತೆ ಅಂದ್ರು. ಜ್ಞಾಪಕ ಇರಾದ್ರಾಗೆ ಆ ಕುರಿ ಮಾತಿನ ಪುಸ್ತಕ ಒಂದ್ ಆಗ್ಬಿಡ್ಲಿ. ಅವ್ರೇ ಓದಿ, ಸರಿ ಐತೆ ಅನ್ಲಿ. ಅಷ್ಟು ಸಾಕು ನಂಗೆ."

"ಆಗ್ತೈತೆ ಬಿಡಿ ಅಮ್ಮ. ಒಂದ್ ವಾರದ ಕೆಲ್ಸ" ಎಂದೆ.

ಪಡಸಾಲೆಯಲ್ಲಿ ಮೇಷ್ಟ್ರು ಕೂತಿದ್ದರು. ನನ್ನ ಹೆಸರು ಹಿಡಿದೇ ಕರೆದರು. ಹಿತ್ತಲ ಟಗರನ್ನು ತೋರಿಸಿ ಅದರ ಕೊಂಬಿನ ಸುರುಳಿಗೆ ಏನನ್ನುತ್ತಾರೆ, ಮೂಗಿನ ಗೆರೆಗೆ ಏನನ್ನುತ್ತಾರೆ ಎಂದು ಅರ್ಧ ಗಂಟೆ ಹೇಳಿದರು. ನಾನು ಹೂಂಗುಟ್ಟುತ್ತ ಕೂತೆ. ಒಂದು ಮಾತನ್ನೂ ಬರೆದುಕೊಳ್ಳಲಿಲ್ಲ. ಎಲ್ಲ ಫೈಲ್‌ನಲ್ಲಿದೆಯಲ್ಲ!

ಪ್ರೋಗ್ರಾಂನ ಮೂಲ ಸಾಲುಗಳು ನನ್ನ ಬಳಿ ಒಂದು ಸಿ.ಡಿ.ಯಲ್ಲಿದ್ದವು. ಅವನ್ನು ಜೋಡಿಸಿ, ಓಡುವ ಪ್ರೋಗ್ರಾಂ ಮಾಡುವುದಕ್ಕೆ ಬಿಲ್ಡ್ ಎನ್ನುತ್ತೇವೆ. ನಾವು ಬರೆಯುವುದು ಸ್ವಲ್ಪ, ಮಿಕ್ಕದ್ದು ಬೇರೆಯವರು ಮೊದಲೇ ಬರೆದಿಟ್ಟದ್ದು. ಅಕ್ಷರ ಮೂಡಿಸಲು ಒಂದು ಕಟ್ಟು, ಪರದೆಯ ಮೇಲೆ ಕಿಟಕಿ ತೆರೆಯಲು ಇನ್ನೊಂದು ಕಟ್ಟು. ಈ ಕಟ್ಟುಗಳೇ ಲೈಬ್ರರಿ. ಯಾವ ಲೈಬ್ರರಿ, ಎಷ್ಟನೆಯ ಆವೃತ್ತಿ ಬೇಕು ಎಂದು ಒಂದು ಫೈಲ್‌ನಲ್ಲಿ ಬರೆದಿರಬೇಕು. ನನ್ನದರಲ್ಲಿ, 'ಎರಡನೆಯ ಆವೃತ್ತಿಯೇ ಆಗಬೇಕು, ಹೊಸದು ಬಂದಾಗ ನೋಡಿಕೊಳ್ಳೋಣ' ಎಂದಿತ್ತು. ಹೊಸದು ಬಂದಿತ್ತು. ಮೂರು ಬಂದು ಹಳತಾಗಿ, ನಾಲ್ಕು ನಡೆಯುತ್ತಿತ್ತು.

ಎರಡು ಎಂದಿದ್ದನ್ನು ನಾಲ್ಕು ಎಂದು ತಿದ್ದಿದೆ. ನಾನೂರ ಹನ್ನೆರಡು ತಪ್ಪುಗಳ ಪಟ್ಟಿ ಹನುಮಂತನ ಬಾಲದ ಹಾಗೆ ಇಳಿಯಿತು. ನಾನು ಕರೆಯುತ್ತಿದ್ದ ಕೆಲಸಗಳ ಹೆಸರುಗಳನ್ನೇ ಹೊಸ ಲೈಬ್ರರಿಯವರು ಬದಲಾಯಿಸಿದ್ದರು. ಕೆಲವನ್ನು ತೆಗೆದೇ ಹಾಕಿದ್ದರು. ಹಳೆಯ ಆವೃತ್ತಿಯನ್ನೇ ತಂದು ಹಾಕೋಣವೆಂದರೆ ಅದನ್ನು ಇಟ್ಟಿದ್ದ ಜಾಲತಾಣವೇ ಮುಚ್ಚಿತ್ತು. ಅಕ್ಷರದ ಲೈಬ್ರರಿಯನ್ನು ಒಪ್ಪಿಸಿದರೆ ಕಿಟಕಿಯ ಲೈಬ್ರರಿ ಮುನಿಸಿಕೊಳ್ಳುತ್ತಿತ್ತು. ಅದನ್ನು ರಮಿಸಿದರೆ ಇದು ಕೆಡುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ವಾರ ಅಂದದ್ದು ತಿಂಗಳಾಯಿತು. ಏಕನಾಥಮ್ಮ ಫೋನ್ ಮಾಡಿದಾಗಲೆಲ್ಲ ಏನಾದರೊಂದು ಹೇಳುತ್ತಿದ್ದೆ.

"ಲೈಬ್ರರಿದೇ ತೊಂದ್ರೆ ಅಮ್ಮ. ಹಳೇದು ಸಿಗ್ತಿಲ್ಲ, ಹೊಸದು ಒಪ್ತಿಲ್ಲ."

"ಹೊಸದುರ್ಗದಾಗೆ ಲೈಬ್ರರಿ ಐತಲ್ಲವ್ವ. ಅಲ್ಲಿ ನಮ್ ಅಂಜನ್ ಕೆಲ್ಸ ಮಾಡ್ತಾನೆ. ನಾನು ಹೇಳಿದ್ರೆ ಹಳೇವು ಎಲ್ಲೈತೋ ಹುಡುಕಿ ಕೊಡ್ತಾನೆ."

ನಗು ಬಂತು. ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಅಂಜನ್‌ಗೆ ಹೇಳಿಯೇ ಇದ್ದರು. ಆ ಪುಣ್ಯಾತ್ಮ ಕುರಿ ಸಾಕಣೆಯ ಎರಡು ಪುಸ್ತಕ ಹುಡುಕಿ ಅವರ ಮನೆಗೆ ಕಳಿಸಿದ್ದನಂತೆ. ಅವುಗಳಲ್ಲಿ ಇಂಜೆಕ್ಷನ್ ಪಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ಆಗಸ್ಟ್‌ನಲ್ಲಿ ಹೋದಾಗ ಮೇಷ್ಟ್ರು ನನ್ನನ್ನು ತಮ್ಮ ಅಕ್ಕನ ಮಗಳೆಂದುಕೊಂಡರು. ಆದರೂ ಟಗರಿನ ಮೂಗಿನ ಗೆರೆಯ ಹೆಸರು ಬಾಯಲ್ಲಿತ್ತು. "ಇನ್ನು ಹದಿನೆಂಟು ತಪ್ಪು ಉಳಿದವೆ ಸಾರ್" ಎಂದೆ. "ಹದಿನೆಂಟಾ? ತಿದ್ದಿ ತೋರ್ಸು" ಎಂದರು, ಕಾಪಿ ಪುಸ್ತಕ ಕೇಳುವ ಹಾಗೆ. ನಾನು ಹುರುಪಿನಿಂದ ಹೊಳಲ್ಕೆರೆಗೆ ಓಡಿಬಂದೆ. ಯಾಕೆ ಓಡಿಬಂದೆನೋ! ಅಲ್ಲೇ ಕೂತು, ಫೋನ್ ತೆಗೆದು, ಅವರ ಮಾತು ಹಿಡಿದಿಟ್ಟುಕೊಳ್ಳಬಹುದಿತ್ತು. ಹದಿನೆಂಟು ತಪ್ಪು ಎಂಬ ಹುಚ್ಚು ನನ್ನ ಕಣ್ಣು ಕಟ್ಟಿತ್ತು.

ದೀಪಾವಳಿ ಕಳೆದ ಶನಿವಾರ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಬಿಲ್ಡ್ ಮುಗಿಯಿತು. ತಪ್ಪು ಸೊನ್ನೆ. ಕಿಟಕಿ ತೆರೆಯಿತು, ಫೈಲ್ ತೆರೆಯಿತು, ಮೂರು ಸಾವಿರ ಮಾತೂ ಅದರ ಅರ್ಥವೂ ಸಾಲಾಗಿ ನಿಂತವು. ಪಕ್ಕದಲ್ಲಿದ್ದ ಸಹನಾ ಮೇಡಂ ಗಾಬರಿಯಾಗುವ ಹಾಗೆ ಚಪ್ಪಾಳೆ ತಟ್ಟಿದೆ.

ಓದುತ್ತ ಹೋದೆ. ಎರಡನೆಯ ಪುಟದಲ್ಲಿ 'ರ್ನೀ' ಎಂದಿತ್ತು. ಅರ್ಥ: ಕುರಿಗೆ ಕುಡಿಸುವುದು. ಇನ್ನೊಂದು ಕಡೆ 'ಮೊರ್ಸ'. ಅರ್ಥ: ಹೆಪ್ಪು ಹಾಕಿದ ಹಾಲು. ನೀರ್, ಮೊಸರ್! ಮತ್ತೆ ಲೈಬ್ರರಿ ಕೈ ಕೊಟ್ಟಿತೆಂದು ಬೈದುಕೊಂಡು ಎರಡು ಗಂಟೆ ಹುಡುಕಿದೆ. ಲೈಬ್ರರಿ ತಪ್ಪು ಮಾಡಿರಲಿಲ್ಲ. ಫೈಲ್‌ನಲ್ಲಿ ಇದ್ದದ್ದೇ ಹಾಗೆ. ಆಗ ನೆನಪಾಯಿತು.

ಸೂರ್ಯ ಎಂದು ಬರೆಯುವಾಗ ಕೊನೆಯಲ್ಲಿ ಒಂದು ಕೊಂಡಿ ಹಾಕುತ್ತೇವಲ್ಲ, ಅದು ಅರ್ಕಾವತ್ತು. ಬರೆಯುವುದು ಅಕ್ಷರದ ಆಮೇಲೆ, ಓದುವುದು ಅಕ್ಷರಕ್ಕಿಂತ ಮೊದಲು. ಕುರಿಗಾಹಿಗಳ ಮಾತಿನಲ್ಲಿ ಕೊನೆಗೆ ರ್ ಬರುವ ಮಾತು ಬೇಕಾದಷ್ಟು. ಅದಕ್ಕೆಂದೇ ನಾನು ಬೇರೆ ಕೀ ಇಟ್ಟಿದ್ದೆ. ಒಂದು ದಿನ ಮೇಷ್ಟ್ರು ಫೋನ್ ಮಾಡಿ, ಆ ಕೀ ಒತ್ತಿದರೆ ಏಳುವುದೇ ಇಲ್ಲ ಎಂದಿದ್ದರು. ನನಗೆ ಅಂದು ಪರೀಕ್ಷೆಯೋ ಮದುವೆಯ ಓಡಾಟವೋ, ಏನೋ ಒಂದು ಅವಸರ. "ಅರ್ಕಾವತ್ತಿನ ಕೀನೇ ಒತ್ತಿ ಸಾರ್, ಓದುವಾಗ ನಿಮಗೆ ಗೊತ್ತಾಗುತ್ತೆ ತಾನೆ? ಆಮೇಲೆ ನಾನು ಸರಿ ಮಾಡ್ತೀನಿ" ಎಂದಿದ್ದೆ. "ನಂಗೆ ಗೊತ್ತಾಗ್ತೈತೆ ಬಿಡಮ್ಮ" ಎಂದಿದ್ದರು. ಆಮೇಲೆ ನಾನು ಮರೆತೆ. ಅವರು ನನ್ನ ಮಾತು ನಂಬಿ, ಹಾಗೆಯೇ ಒತ್ತುತ್ತ ಹೋದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು.

ಅಂದರೆ ಅರ್ಕಾವತ್ತಿಗೂ ಕೊನೆಯ ರ್‌ಗೂ ಒಂದೇ ಗುರುತು, ಎರಡು ಓದು. ನೀರ್, ಮೊಸರ್ ನನಗೂ ಗೊತ್ತು, ತಿದ್ದಿದೆ. ತಾಳ್ಯದ ಕಡೆಯ ಕುರಿಗಾಹಿಗಳನ್ನು ಹಿಡಿದು ಇನ್ನೊಂದಿಷ್ಟು ಕೇಳಿದೆ. ಒಬ್ಬ, "ಅವೆಲ್ಲ ಮುದುಕ್ರ ಮಾತು, ನಾವು ಕರೇದು ಬಿಳೇದು ಅಂತೀವಿ ಅಷ್ಟೆ" ಎಂದು ಫೋನಿಗೆ ಕಣ್ಣು ಹಾಕಿದ. ಕೊನೆಗೆ ಇನ್ನೂರ ಆರು ಮಾತು ಉಳಿದವು. ಅವು ಚಿತ್ತಯ್ಯನ ಬಾಯಲ್ಲಿ ಮಾತ್ರ ಇದ್ದವು, ಆಮೇಲೆ ಮೇಷ್ಟ್ರ ಕಿವಿಯಲ್ಲಿ. ಏಕನಾಥಮ್ಮನ ತವರು ಹಿರಿಯೂರು, ಕುರಿಯ ಸಂಗತಿ ಅವರಿಗೆ ಏನೂ ತಿಳಿಯದು. ಇನ್ನು ಕೇಳಬೇಕಾದವರು ಒಬ್ಬರೇ.

ಮುಂದಿನ ವಾರದ ಭಾನುವಾರ ಇಡೀ ಪಟ್ಟಿಯನ್ನು, ಈ ಇನ್ನೂರ ಆರಕ್ಕೆ ಎರಡೂ ಓದು ಹಾಕಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಒಯ್ದೆ. ಮೇಷ್ಟ್ರು ಬಿಳಿ ಅಂಗಿ ಹಾಕಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿ ತಲೆ ಬಾಚಿ, ವಿಭೂತಿ ಹಚ್ಚಿ ಕೂರಿಸಿದ್ದರು. ನನ್ನನ್ನು ಕಂಡು ಯಾರಿಗೋ ನಗುವ ಹಾಗೆ ನಕ್ಕರು.

"ನೋಡ್ರಿ, ಪುಸ್ತಕ ಬಂತು" ಎಂದು ಏಕನಾಥಮ್ಮ ಅದನ್ನು ಅವರ ತೊಡೆಯ ಮೇಲಿಟ್ಟರು. ಅವರು ಹಾಳೆಯ ಅಂಚನ್ನು ಸವರಿದರು. ಓದಲಿಲ್ಲ.

ನಾನು ಪಕ್ಕದಲ್ಲಿ ಕೂತೆ. "ಸಾರ್, ಒಂದ್ ಕಿವಿ ಕಪ್ಪು, ಒಂದ್ ಕಿವಿ ಬಿಳಿ ಇರೋ ಕುರಿ. ಅದು ಕುರ್ಗವೋ, ಕುಗರೋ?"

"ಹೂಂ" ಎಂದರು.

"ಯಾವ್ದು ಸಾರ್? ಕುರ್ಗವಾ?"

"ಹೂಂ, ಅದೇ."

ಜೀವ ಬಂದಂತಾಯಿತು. ಬರೆದುಕೊಂಡೆ. ಆದರೂ ಒಳಗೊಳಗೇ ಏನೋ ಕೊರೆಯಿತು. "ಕುಗರ್ ಅಲ್ವಾ ಸಾರ್?"

"ಹೂಂ, ಅದೇ" ಎಂದರು, ಅಷ್ಟೇ ಸಮಾಧಾನದಿಂದ.

ಮುಂದಿನದಕ್ಕೆ ಹೋದೆ. ತಾಯಿ ಸತ್ತ ಮೇಲೆ ಬೇರೆ ಕುರಿಯ ಹಾಲು ಕುಡಿದು ಬದುಕಿದ ಮರಿ. ತಿರ್ಬವೋ, ತಿಬರೋ? ತಿರ್ಬಕ್ಕೂ ಹೂಂ, ತಿಬರಿಗೂ ಹೂಂ. ಹೀಗೆ ಇಪ್ಪತ್ತು ಮಾತು ಕೇಳಿರಬೇಕು. ನನ್ನ ದನಿ ಜೋರಾಗುತ್ತ ಬಂತು. ಕೊನೆಗೆ ಕೆಟ್ಟ ಸಿಟ್ಟಿನಲ್ಲಿ, ಎಲ್ಲೂ ಇಲ್ಲದ ಮಾತೊಂದನ್ನು ಬಾಯಿಗೆ ಬಂದಂತೆ ಕಟ್ಟಿ, "ಲಟಪ ಅಂತಾರಾ ಸಾರ್?" ಎಂದುಬಿಟ್ಟೆ.

"ಹೂಂ, ಅದೇ" ಎಂದರು. ಹಿಂದೆ ಸರಿಯಾದ ಉತ್ತರ ಹೇಳಿದ ಮಕ್ಕಳಿಗೆ ಮಾಡುತ್ತಿದ್ದ ಹಾಗೆ ನನ್ನ ತಲೆಯ ಮೇಲೆ ಕೈಯಿಟ್ಟರು.

ನಾನು ಅತ್ತೆ. ಮುಚ್ಚಿಡಲು ಹೋಗಲಿಲ್ಲ. ನನ್ನ ತಿದ್ದುಪಡಿಗಳಲ್ಲಿ ಐದು ತಿಂಗಳು ಹೋಗಿತ್ತು, ಆ ಐದು ತಿಂಗಳು ಇವರ ಬಾಯಲ್ಲಿ ಮಾತಿತ್ತು.

ಏಕನಾಥಮ್ಮ ಕಾಫಿ ತಂದಿಟ್ಟು, ಅಳುವುದನ್ನು ಖುಷಿಯ ಅಳುವೆಂದುಕೊಂಡರೋ ಏನೋ, "ಎಲ್ಲಾದ್ಕೂ ಹೂಂ ಅಂದ್ರಾ?" ಎಂದು ಕೇಳಿದರು.

"ಎಲ್ಲಾದಕ್ಕೂ ಅಂದ್ರು ಅಮ್ಮ."

ಅವರು ಕೈ ಮುಗಿದರು, ದೇವರಿಗೋ ನನಗೋ. ಗಂಡನ ತೊಡೆಯ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಯಾಕವ್ವ ಎರಡೆರಡು ಬರ್ದಿದೀಯ? ತಿರ್ಬ, ತಿಬರ್ ಅಂತ?"

"ಎರಡೂ ಅಂತಾರೆ ಅಮ್ಮ" ಎಂದೆ.

ಯಾರೂ ಯಾವುದನ್ನೂ ಅನ್ನುವುದಿಲ್ಲ.