ಮಣ್ಣಿ ತಂದ ಸಂಜೆಗಳು

ಸೀಸನ್ನಿನ ಕೊನೆಯ ಪಂದ್ಯ ನೋಡಲು ಲೊರ್ನಾ ಬಂದಾಗ ಅವಳ ಹೆಗಲಲ್ಲಿ ಎಂದಿನ ಬ್ಯಾಗಿನ ಜೊತೆಗೆ ಒಂದು ಬಟ್ಟೆಯ ಚೀಲವೂ ಇತ್ತು. ಅದನ್ನು ನೇರವಾಗಿ ಅಡುಗೆಮನೆಗೆ ಒಯ್ದು ಫ್ರಿಜ್ಜಿನಲ್ಲಿಟ್ಟಳು. ನಾನು ಗಮನ ಕೊಡಲಿಲ್ಲ. ಟಿವಿಯ ಕೆಳಭಾಗಕ್ಕೆ ರಟ್ಟಿನ ಪಟ್ಟಿ ಅಂಟಿಸುವುದರಲ್ಲಿ ಮುಳುಗಿದ್ದೆ. ರೆಕಾರ್ಡಿಂಗ್ ಇನ್ನೆಷ್ಟು ಹೊತ್ತು ಉಳಿದಿದೆ ಎಂದು ತೋರಿಸುವ ಗೆರೆ ಅಲ್ಲಿ ಕಾಣುತ್ತದೆ. ಅದು ಕಂಡರೆ ಪಂದ್ಯ ಬೇಗ ಮುಗಿಯುತ್ತದೋ ಎಳೆಯುತ್ತದೋ ಎಂಬುದು ಮೊದಲೇ ತಿಳಿದುಬಿಡುತ್ತದೆ.

“ಯಲ್ಲಾ ಅಕ್ಕ, ಬೇಗ ಬೇಗ, ಶುರು ಮಾಡಿ. ಟ್ಯಾಕ್ಸಿಯಲ್ಲೇ ನನ್ನ ಎದೆ ಡಬಡಬ ಹೇಳ್ತಾ ಇತ್ತು,” ಎಂದಳು.

ಈ ಪಂದ್ಯ ಗೆದ್ದರೆ ನಮ್ಮ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ, ಸೋತರೆ ವರ್ಷ ಮುಗಿಯಿತು. ನಮ್ಮ ತಂಡ ಅಂದರೆ ಅಮೆರಿಕದ ಪೂರ್ವ ಕರಾವಳಿಯ ಒಂದು ಬೇಸ್‌ಬಾಲ್ ತಂಡ. ನಾವಿಬ್ಬರೂ ಆ ಊರನ್ನು ಕಂಡವರಲ್ಲ. ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಆ ಊರಿನ ಮೇಲಧಿಕಾರಿಯೊಬ್ಬರಿದ್ದರು. ಊಟದ ಹೊತ್ತಿನಲ್ಲಿ ಹಿಂದಿನ ರಾತ್ರಿಯ ಪಂದ್ಯ ಹಾಕಿಕೊಂಡು ಕೂರುತ್ತಿದ್ದರು. ಪ್ರತಿ ಎಸೆತದ ವೇಗ, ತಿರುಗುವಿಕೆ, ಕೋನ ಎಲ್ಲವನ್ನೂ ಅಳೆದು ತೆರೆಯ ಮೇಲೆ ತೋರಿಸುವ ಆಟ ಇನ್ನೊಂದಿಲ್ಲ ಎಂಬ ಕಾರಣಕ್ಕೆ ನಾನು ಅದರ ಹಿಂದೆ ಬಿದ್ದೆ. ಅವರು ತಮ್ಮ ದೇಶಕ್ಕೆ ಮರಳಿದರು, ನನಗೆ ಆಟ ಉಳಿಯಿತು. ನನ್ನ ಗಂಡ ಗೋಪಿನಾಥ್ ಕ್ರಿಕೆಟ್ಟಿನವರು. “ಬಾಲು ನೆಲಕ್ಕೇ ಬೀಳದ ಆಟವೂ ಒಂದು ಆಟವಾ? ದೊಣ್ಣೆ ತಿರುಗಿಸೋದು, ಓಡೋದು,” ಎನ್ನುತ್ತಾರೆ.

ಜೊತೆಗೆ ಸಿಕ್ಕಿದವಳು ಲೊರ್ನಾ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿದ್ದಾಗ ನಮ್ಮ ಕೆಳಗಿನ ಮನೆಯವಳು, ಮಂಗಳೂರಿನವಳು, ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ನಾವು ಅಲ್ ಸದ್ದ್‌ಗೆ ಮನೆ ಬದಲಿಸಿದ ಮೇಲೂ ಕ್ಲಿನಿಕ್ಕಿನಿಂದ ನೇರವಾಗಿ ನಮ್ಮ ಮನೆಗೆ ಬರುತ್ತಿದ್ದಳು.

ಅಲ್ಲಿಯ ಸಂಜೆಯ ಆಟ ಇಲ್ಲಿಯ ನಸುಕಿನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ನಮ್ಮದೊಂದು ನಿಯಮವಿತ್ತು. ಸಂಜೆ ಒಟ್ಟಿಗೆ ಕೂರುವ ತನಕ ಇಬ್ಬರೂ ಫಲಿತಾಂಶ ನೋಡಬಾರದು. ಅಕಸ್ಮಾತ್ ತಿಳಿದರೆ ಹೇಳಿಬಿಡಬೇಕು, ಆ ಪಂದ್ಯ ಬಿಡಬೇಕು. ನಿಯಮ ಲ್ಯಾಬಿನಿಂದ ಬಂದದ್ದು. ಉತ್ತರ ಗೊತ್ತಿರುವವನ ಕೈಗೆ ನೀರಿನ ಮಾದರಿ ಕೊಟ್ಟರೆ ಅವನ ಕಣ್ಣು ಉತ್ತರದ ಕಡೆಗೇ ವಾಲುತ್ತದೆ. ಗೊತ್ತಿಲ್ಲದೆ ನೋಡಿದರೆ ಮಾತ್ರ ನೋಡಿದಂತೆ.

ಜುಲೈನಲ್ಲಿ ಒಮ್ಮೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಮ್ಮದೇ ತಂಡದ ಟೋಪಿ ಹಾಕಿದ ಬಿಳಿಯನೊಬ್ಬ ಸಿಕ್ಕಿ, ನನ್ನ ಫೋನಿನ ಮೇಲಿದ್ದ ತಂಡದ ಚಿತ್ರ ನೋಡಿ, ಎಂಥ ಗೆಲುವು ಎಂದುಬಿಟ್ಟ. ಸಂಜೆ ಲೊರ್ನಾಳಿಗೆ ಹೇಳಿದೆ. ಸೀಸನ್ನಿನಲ್ಲೇ ದೊಡ್ಡ ಪಂದ್ಯ ಅದು ಎಂದು ಆಮೇಲೆ ತಿಳಿಯಿತು. “ಛೆ, ಹೋಗ್ಲಿ ಅಕ್ಕ, ನಿಯಮ ನಿಯಮವೇ,” ಎಂದು ಅವಳೇ ಅದರ ರೆಕಾರ್ಡಿಂಗ್ ಅಳಿಸಿಹಾಕಿದಳು.

ಆರನೆಯ ಇನ್ನಿಂಗ್ಸಿನ ಹೊತ್ತಿಗೆ ನಾವು ಮೂರು ರನ್ ಮುಂದಿದ್ದೆವು. ಬೇಸ್‌ಬಾಲಿನಲ್ಲಿ ಒಂಬತ್ತು ಇನ್ನಿಂಗ್ಸ್, ಮೂರು ರನ್ನಿನ ಮುನ್ನಡೆ ಸಣ್ಣದಲ್ಲ. ಲೊರ್ನಾ ದಿಂಬನ್ನು ಎದೆಗೆ ಒತ್ತಿಕೊಂಡು ವೇಲಂಕಣಿ ಮಾತೆಯ ಹೆಸರು ಹೇಳುತ್ತಿದ್ದಳು. ನಾನು ಮಜ್ಜಿಗೆ ತರಲು ಎದ್ದೆ.

ಫ್ರಿಜ್ಜಿನಲ್ಲಿ ಅವಳ ಸ್ಟೀಲಿನ ತಟ್ಟೆ ಇತ್ತು. ಮುಚ್ಚಳ ತೆಗೆದರೆ ಮಣ್ಣಿ. ರಾಗಿ, ತೆಂಗಿನ ಹಾಲು, ಬೆಲ್ಲ ಸೇರಿಸಿ ಕಾಸಿ, ತಟ್ಟೆಯಲ್ಲಿ ಹರಡಿ, ಗಟ್ಟಿಯಾದ ಮೇಲೆ ಕೊಯ್ದು ಕೊಡುವ ಸಿಹಿ. ಮೊದಲು ನನಗೆ ಖುಷಿಯೇ ಆಯಿತು. ಲೊರ್ನಾಳ ಮಣ್ಣಿಯಂಥದು ದೋಹಾದಲ್ಲಿ ಎಲ್ಲೂ ಸಿಗುವುದಿಲ್ಲ. ತಟ್ಟೆ ಹಿಂದಿರುಗಿಸುವಾಗ ನಾನೂ ಪುಳಿಯೋಗರೆಯೋ ಚಕ್ಕುಲಿಯೋ ಹಾಕಿ ಕೊಡುತ್ತಿದ್ದೆ. ಏನೂ ಇಲ್ಲದ ದಿನ ಎರಡು ಚಮಚ ಸಕ್ಕರೆ. ಬರಿದಾದ ಪಾತ್ರೆಯನ್ನು ನಮ್ಮ ಕಡೆ ಕೊಡುವುದಿಲ್ಲ.

ಆಮೇಲೆ ಕೈ ಮುಚ್ಚಳದ ಮೇಲೇ ನಿಂತಿತು.

ಕಳೆದ ಸಲ ಮಣ್ಣಿ ತಿಂದದ್ದು ಚೆಂಡೆಸೆಯುವ ನಮ್ಮ ಪಿಚರ್ ಒಂದೇ ಇನ್ನಿಂಗ್ಸಿನಲ್ಲಿ ಕುಸಿದ ಸಂಜೆ. ಅದಕ್ಕೆ ಮೊದಲಿನದು ನಮಗೆ ಒಂದು ರನ್ನೂ ಬಾರದ ಸಂಜೆ. ಇನ್ನೂ ಹಿಂದೆ ಹೋದೆ. ಗೆದ್ದ ಸಂಜೆ ಮಣ್ಣಿ ತಿಂದ ನೆನಪು ಒಂದೂ ಸಿಗಲಿಲ್ಲ. ಗೆದ್ದ ದಿನ ಅವಳು ಬರಿಗೈಯಲ್ಲಿ ಬರುತ್ತಿದ್ದಳು, ಹೆಚ್ಚೆಂದರೆ ಕೆಳಗಿನ ಅಂಗಡಿಯ ಚಿಪ್ಸ್. ಸೋತ ದಿನ, ಆಟ ಮುಗಿದ ಮೇಲೆ ತಟ್ಟೆ ಹೊರಗೆ ಬರುತ್ತಿತ್ತು. “ಪುಣ್ಯಕ್ಕೆ ಮಣ್ಣಿ ಇತ್ತು ಮಾರಾಯ್ರೆ, ಬಾಯಿಯಾದರೂ ಸಿಹಿಯಾಗ್ಲಿ,” ಎನ್ನುತ್ತಿದ್ದಳು.

ನೆನಪು ತನಗೆ ಬೇಕಾದ್ದನ್ನೇ ಆರಿಸುತ್ತದೆ ಎಂದು ನನಗೆ ಗೊತ್ತು. ಆದರೆ ಮಣ್ಣಿ ಒಲೆಯ ಮುಂದೆ ಕೈ ಬಿಡದೆ ಕಲಕಬೇಕಾದ ತಿಂಡಿ, ಆರಲು ಮತ್ತೆ ಹೊತ್ತು ಬೇಕು. ಕ್ಲಿನಿಕ್ಕಿನಿಂದ ನೇರ ಬರುವವಳು ಅದನ್ನು ಬೆಳಿಗ್ಗೆಯೇ ಮಾಡಿರಬೇಕು. ಅಂದರೆ ಸಂಜೆ ನಾವು ಸೋಲುವುದು ಅವಳಿಗೆ ಬೆಳಿಗ್ಗೆಯೇ ಗೊತ್ತಿರಬೇಕು.

ಮಜ್ಜಿಗೆಯಿಲ್ಲದೆ ವಾಪಸು ಬಂದು ಕೂತೆ.

“ಅಕ್ಕ, ಮೂರು ರನ್ ಉಂಟು. ಗೆಲ್ತೇವೆ ಅಲ್ವಾ?” ಎಂದು ಲೊರ್ನಾ ನನ್ನ ಮೊಣಕೈ ಹಿಡಿದಳು.

“ಮಣ್ಣಿ ಕೊಡು,” ಎಂದೆ.

“ಈಗ ಎಂತಕ್ಕೆ? ಮ್ಯಾಚ್ ಮುಗೀಲಿ.”

“ಈಗಲೇ ಕೊಡೇ. ಮೂರು ರನ್ ಮುಂದಿದ್ದೀವಿ, ಖುಷಿಗೆ ತಿನ್ನೋಣ. ಗೆದ್ದಾಗ ನೀನು ಒಂದು ದಿನವೂ ತಂದಿಲ್ಲ.”

ಅವಳ ಕೈ ನನ್ನ ಮೊಣಕೈಯಿಂದ ಮೆಲ್ಲಗೆ ಜಾರಿತು. ನಾನು ರಿಮೋಟ್ ಒತ್ತಿ ಆಟ ನಿಲ್ಲಿಸಿದೆ. ತೆರೆಯ ಮೇಲೆ ಪಿಚರ್ ಒಂದು ಕಾಲೆತ್ತಿ ನಿಂತುಬಿಟ್ಟ.

“ಯಾವಾಗಿನಿಂದ?”

ಲೊರ್ನಾ ದಿಂಬಿನ ಅಂಚನ್ನು ಹಿಡಿದು ತಿರುವಿದಳು. “ಜೂನ್‌ನಿಂದ. ಒಂದರ ಮೇಲೊಂದು ಸೋತದ್ದಲ್ವಾ ಆಗ? ಗೋಪಿಯಣ್ಣ ಹೇಳಿದ್ರು, ನೀವು ಊಟ ಮಾಡ್ಲಿಲ್ಲ, ಯಾರ ಹತ್ರವೂ ಮಾತಾಡ್ಲಿಲ್ಲ ಅಂತ. ನಂಗೆ ಹೆದರಿಕೆ ಆಯ್ತು. ಬೆಳಿಗ್ಗೆ ನೋಡಿಕೊಂಡ್ರೆ ಏನಾದ್ರೂ ಮಾಡಿ ತರ್ಬಹುದಲ್ವಾ ಅಂತ ಕಂಡಿತು. ಅಷ್ಟೇ.”

“ಗೋಪಿಗೂ ಗೊತ್ತಾ?”

“ಇಲ್ಲ. ದೇವರಾಣೆ ಇಲ್ಲ.”

“ಲಿಫ್ಟಿನವನು ಹೇಳಿದ ಪಂದ್ಯ?”

ಅವಳು ದಿಂಬನ್ನು ಪಕ್ಕಕ್ಕಿಟ್ಟಳು.

“ಅದು ಗೆದ್ದದ್ದು ನಿನಗೆ ಆಗಲೇ ಗೊತ್ತಿತ್ತು. ಆದರೂ ನಿಯಮ ಅಂತ ಅಳಿಸಿದೆ.”

“ನೋಡುವ ಅಂತ ಹೇಗೆ ಹೇಳುದು ಅಕ್ಕ? ನೀವು ಅಷ್ಟು ಸತ್ಯವಾಗಿ ಹೇಳಿದಿರಿ.”

“ನೀನು ಆಟ ನೋಡ್ತಾ ಇರಲಿಲ್ಲ ಲೊರ್ನಾ. ನನ್ನನ್ನು ನೋಡ್ತಾ ಇದ್ದೆ.”

ಹೇಳಿದ ಮೇಲೆ ಅದರ ಪೂರ್ತಿ ಅರ್ಥ ನನಗಾಯಿತು. ಇಷ್ಟು ದಿನವೂ ಎಂಟನೆಯ ಇನ್ನಿಂಗ್ಸಿನಲ್ಲಿ ಉಗುರು ಕಚ್ಚುತ್ತಿದ್ದವಳು ನಾನೊಬ್ಬಳೇ. ಇನ್ನೂ ಆಗಬಹುದು, ಇನ್ನೂ ಆಗಬಹುದು ಎಂದು ನಾನು ಹೇಳಿದಾಗಲೆಲ್ಲ ಪಕ್ಕದಲ್ಲಿದ್ದವಳಿಗೆ ಆಗುವುದಿಲ್ಲವೆಂದು ತಿಳಿದಿತ್ತು. ನನ್ನ ಆಸೆ ಎಷ್ಟು ಹೊತ್ತು ಉಳಿಯುತ್ತದೆಂದು ಅವಳಿಗೆ ಗೊತ್ತಿತ್ತು. ನಾನು ರಟ್ಟು ಅಂಟಿಸಿ ಮುಚ್ಚುತ್ತಿದ್ದ ಗೆರೆ ಅವಳಿಗೆ ಕಾಣುತ್ತಲೇ ಇತ್ತು.

“ನಗ್ತಾ ಇದ್ಯಾ ಒಳಗೊಳಗೆ?”

“ಅಯ್ಯೋ ಇಲ್ಲ. ಹಾಗೆ ಹೇಳ್ಬೇಡಿ.” ಅವಳು ನನ್ನ ಕಡೆಗೆ ತಿರುಗಿದಳು. “ಇವತ್ತಿನದ್ದು ನೋಡ್ಲಿಲ್ಲ ಅಕ್ಕ. ಸತ್ಯ ಹೇಳ್ತಾ ಇದ್ದೇನೆ. ಕೊನೆಯದ್ದು, ಒಟ್ಟಿಗೇ ನೋಡುವ ಅಂತ ಫೋನ್ ಮುಟ್ಲಿಲ್ಲ. ಸೋತ್ರೆ ಇರ್ಲಿ ಅಂತ ಮಣ್ಣಿ ಮಾಡಿದೆ, ಅಷ್ಟೇ. ಗೆದ್ರೂ ಕೊಡ್ತಿದ್ದೆ.”

ನಾನು ಆಟ ಮತ್ತೆ ಶುರು ಮಾಡಿದೆ.

ಆ ಕ್ಷಣದಿಂದ ನನಗೆ ಮುಂದಿನ ಸುತ್ತು ಬೇಕಾಗಿರಲಿಲ್ಲ. ಮಣ್ಣಿ ಬಂದ ದಿನ ತಂಡ ಗೆದ್ದರೆ ಲೊರ್ನಾ ಇವತ್ತಾದರೂ ಸುಳ್ಳು ಹೇಳಿಲ್ಲವೆಂದು ನಾನು ನಂಬಬಹುದಿತ್ತು. ಸೋತರೆ ಏನೂ ತಿಳಿಯುವುದಿಲ್ಲ. ಸೋಲು ಅವಳ ಸತ್ಯಕ್ಕೂ ಹೊಂದುತ್ತದೆ, ಸುಳ್ಳಿಗೂ ಹೊಂದುತ್ತದೆ. ಅದಕ್ಕೆ ಮೊದಲು ಯಾವತ್ತೂ ಯಾವ ತಂಡದ ಗೆಲುವನ್ನೂ ನಾನು ಅಷ್ಟು ಬಯಸಿರಲಿಲ್ಲ.

ಏಳನೆಯದರಲ್ಲಿ ಅವರು ಒಂದು ರನ್ ತೆಗೆದರು. ಎಂಟನೆಯದರಲ್ಲಿ ಒಂದೇ ಹೊಡೆತಕ್ಕೆ ಸಮ ಮಾಡಿದರು. ಒಂಬತ್ತರಲ್ಲಿ ಒಂದು ರನ್ ಮುಂದೆ ಹೋದರು. ಕೊನೆಯ ಸರದಿ ನಮ್ಮದು. ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಒಬ್ಬ ಎರಡನೆಯ ಬೇಸಿನಲ್ಲಿ ನಿಂತಿದ್ದ. ಅವನು ಓಡಿ ಹೋಮ್ ಬೇಸ್ ಮುಟ್ಟಿದರೆ ಸಮ. ಚೆಂಡು ಗೋಡೆ ದಾಟಿದರೆ ಗೆಲುವು.

ಚೆಂಡಿಗೆ ಬ್ಯಾಟು ತಾಗಿದ ಸದ್ದು ಕೇಳಿದೆ. ಒಳ್ಳೆಯ ಸದ್ದು. ಸ್ಟೇಡಿಯಂ ಎದ್ದು ನಿಂತದ್ದು ಕಿವಿಗೆ ತಿಳಿಯಿತು. ನಾನು ತೆರೆ ನೋಡುತ್ತಿರಲಿಲ್ಲ, ಲೊರ್ನಾಳನ್ನು ನೋಡುತ್ತಿದ್ದೆ. ಬಾಯಿ ಅರ್ಧ ತೆರೆದಿತ್ತು, ಬೆರಳುಗಳು ಶಿಲುಬೆಯ ಸರವನ್ನು ಹಿಡಿದಿದ್ದವು, ಕಣ್ಣು ಚೆಂಡಿನ ಜೊತೆ ಮೇಲೇರುತ್ತಿತ್ತು. ಗೊತ್ತಿಲ್ಲದವರ ಮುಖ ಹಾಗೆಯೇ ಇರುತ್ತದೆ. ಜುಲೈನಲ್ಲೂ ಅವಳ ಮುಖ ಹಾಗೆಯೇ ಇತ್ತು, ಆಗಸ್ಟಿನಲ್ಲೂ.

ಜನರ ಗದ್ದಲ ಒಮ್ಮೆಗೇ ಇಳಿಯಿತು. ಅವಳ ಕಣ್ಣೂ ಇಳಿಯಿತು.

“ಗೋಡೆಯ ಹತ್ರ ಹಿಡಿದ,” ಎಂದಳು. “ಖಲಾಸ್.”

ಅವಳ ಕೆನ್ನೆಯ ಮೇಲೆ ನೀರಿತ್ತು. ಅದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

“ಸತ್ಯವಾಗಿಯೂ ನೋಡಿರ್ಲಿಲ್ಲ ಅಕ್ಕ.”

“ಇರಬಹುದು,” ಎಂದೆ.

ಅವಳು ಚಪ್ಪಲಿ ಹಾಕಿಕೊಂಡು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಳು. ನಾನು ಟಿವಿಯಿಂದ ರಟ್ಟು ಕೀಳುತ್ತಿದ್ದೆ. ಅದರ ಗೋಂದು ತೆರೆಗೆ ಮೆತ್ತಿಕೊಂಡಿತ್ತು.

ಗೋಪಿ ವೆಸ್ಟ್ ಬೇಯ ಆಫೀಸಿನಿಂದ ಬಂದು, “ಏನಾಯ್ತು ನಿಮ್ಮ ದೊಣ್ಣೆ ಆಟ?” ಎಂದರು. ಸೋತ್ವಿ ಎಂದೆ. ಫ್ರಿಜ್ ತೆಗೆದು, “ಓ, ಮಣ್ಣಿ,” ಎಂದು ನಿಂತುಕೊಂಡೇ ತಿನ್ನತೊಡಗಿದರು. “ಪಾಪ, ನಿನ್ನ ಫ್ರೆಂಡು ಸರಿಯಾದ ದಿನ ನೋಡಿ ತರ್ತಾಳೆ.”

ಮರುದಿನ ತಟ್ಟೆ ತೊಳೆದು ಒರೆಸಿ, ಸಕ್ಕರೆ ಡಬ್ಬಿಯ ಮುಂದೆ ನಿಂತೆ. ಚಮಚ ಒಳಗೇ ಇತ್ತು. ಗೋಪಿ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಲೊರ್ನಾಳ ಮನೆಯಿರುವ ಓಲ್ಡ್ ಏರ್‌ಪೋರ್ಟ್ ಕಡೆ ಹೋಗುವ ಕೆಲಸವಿತ್ತು ಅವರಿಗೆ.

ಡಬ್ಬಿ ಮುಚ್ಚಿ, ತಟ್ಟೆಯನ್ನು ಅವರ ಕೈಗೆ ಕೊಟ್ಟೆ.

“ಬರೀ ತಟ್ಟೆ?” ಎಂದರು.

“ಹೌದು,” ಎಂದೆ.